ಹೆಪ್ಪುಗಟ್ಟಿದ ಕೆರೆಗೆ ಎಳೆದೊಯ್ದ ಗಡಿಗೆ

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಕೆಳಗೆ ಸಹಿ ಮಾಡುವ ನಾನು ಈವರೆಗೆ ಸ್ವಂತದ್ದೆಂದು ಹೇಳಿಕೊಳ್ಳುವ ಒಂದು ಪುಟವನ್ನೂ ಬರೆದವಳಲ್ಲ. ಮದುವೆಗೆ ಮುಂಚೆ ಕುಮಟಾದ ಒಂದು ಸಹಕಾರಿ ಸಂಘದ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಮಾತೆಲ್ಲ ಕಾರ್ಯದರ್ಶಿಯವರದು, ನನ್ನದು ಅಕ್ಷರ ಮಾತ್ರ. ಈಗ ಆ ಅಕ್ಷರವೂ ಕೈಬಿಟ್ಟಿದೆ. ಒತ್ತಕ್ಷರಗಳು ಕೂರಬೇಕಾದಲ್ಲಿ ಕೂರುತ್ತಿಲ್ಲ, ದೀರ್ಘಗಳು ಬೇಕಾದಲ್ಲಿ ಮಾಯವಾಗಿ ಬೇಡವಾದಲ್ಲಿ ಬಂದು ನಿಲ್ಲುತ್ತವೆ, ಸಾಲುಗಳು ಬಲಕ್ಕೆ ಹೋದಂತೆಲ್ಲ ಇಳಿಜಾರು ಹಿಡಿಯುತ್ತವೆ. ಇಲ್ಲಿಯ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಎಲ್ಲರೂ ಒಂದೊಂದು ನೆನಪನ್ನು ಬರೆದುಕೊಡಬೇಕೆಂದು ಸಂಪಾದಕರು ಒತ್ತಾಯಿಸಿದ್ದರಿಂದ ಧೈರ್ಯ ಮಾಡಿದ್ದೇನೆ. ಕಾಗುಣಿತದ ದೋಷಗಳನ್ನೂ ಕೈಬರಹದ ಅಂದಗೇಡನ್ನೂ ಮೊದಲೇ ಮನ್ನಿಸಿ ಮುಂದಕ್ಕೆ ಓದಬೇಕಾಗಿ ಪ್ರಾರ್ಥನೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಮಗಳು ಅಮೆರಿಕದ ದಕ್ಷಿಣದ ಕಡೆಯ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾವು ಆಗಾಗ ಆ ಕಡೆಗೆ ಹೋಗುವುದುಂಟು. ಈ ಬೇಸಿಗೆಯಲ್ಲಿ ಹೋದಾಗ ಮಾರಿಸ್‌ವಿಲ್‌ನಲ್ಲಿರುವ ಹಳೆಯ ಪರಿಚಯದ ಲೂಸಿಯವರ ಮನೆಗೆ ಊಟಕ್ಕೆ ಕರೆ ಬಂತು. ಒಳಗೆ ಕಾಲಿಟ್ಟೊಡನೆ ಜುಮ್ಮಿನಕಾಯಿಯ ವಾಸನೆ ಮೂಗಿಗೆ ಬಡಿಯಿತು. ನಮ್ಮ ಕರಾವಳಿಯಲ್ಲಿ ಮೀನಿನ ಸಾರಿಗೆ ಜಜ್ಜಿ ಹಾಕುವ, ನಾಲಿಗೆಯನ್ನು ಜುಮ್ಮೆನ್ನಿಸುವ ಒಣಕಾಯಿ ಅದು. ಅದರ ಹಿಂದೆಯೇ ತೆಂಗಿನೆಣ್ಣೆ ಕಾಯುವ ವಾಸನೆ. ಹೊರಗೆ ಸುಡುಬಿಸಿಲಿದ್ದರೂ ನನ್ನ ಕಾಲಬೆರಳುಗಳು ತಣ್ಣಗಾದವು. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ, ಮತ್ತು ಆ ಚಳಿಗಾಲದಲ್ಲಿ ನನ್ನ ಎದೆಯಲ್ಲಿ ಹೊತ್ತಿಕೊಂಡು ಇಂದಿಗೂ ಆರದಿರುವ ಹೊಟ್ಟೆಕಿಚ್ಚು, ಎರಡೂ ಒಟ್ಟಿಗೆ ಎದುರಿಗೆ ಬಂದು ನಿಂತವು.

ಆಗ ನಾವು ಮೇರಿಲ್ಯಾಂಡಿನಲ್ಲಿ, ಲ್ಯಾನ್‌ಹ್ಯಾಮಿಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮ ಯಜಮಾನರು ದೊಡ್ಡ ಕಟ್ಟಡಗಳ ಹೀಟಿಂಗ್ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು. ನಮ್ಮನ್ನು ಆ ಊರಿನಲ್ಲಿ ಕೈಹಿಡಿದು ನಡೆಸಿದವರು ಡಾಕ್ಟರ್ ಅಂಕಲ್. ಅವರು ಕಾರವಾರದ ಕಡೆಯವರು, ಅರವತ್ತರ ದಶಕದ ಕೊನೆಯಲ್ಲೇ ಬಂದು ನೆಲೆಸಿ, ಆಸ್ಪತ್ರೆಯಿಂದ ನಿವೃತ್ತರಾಗಿದ್ದರು. ಅವರ ಪತ್ನಿ ರಾಧಾಬಾಯಿಯವರು ತೀರಿಹೋಗಿ ಆಗ ಒಂದು ವರ್ಷವಾಗಿತ್ತು. ಪಶ್ಚಿಮ ಮೇರಿಲ್ಯಾಂಡಿನ ಬೆಟ್ಟಗಳ ನಡುವೆ ಡೀಪ್ ಕ್ರೀಕ್ ಎಂಬ ದೊಡ್ಡ ಕೆರೆಯಿದೆ. ಜನವರಿಯಲ್ಲಿ ಅದು ಮನುಷ್ಯರ ಭಾರ ಹೊರುವಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಗೆ ಬೈರಿಗೆಯಿಂದ ತೂತು ಕೊರೆದು ಅದರೊಳಗೆ ಗಾಳ ಬಿಟ್ಟು ಕೂರುವ ಹುಚ್ಚನ್ನು ಅಂಕಲ್‌ಗೆ ಹಿಡಿಸಿದವರು ಆಸ್ಪತ್ರೆಯ ಸಹೋದ್ಯೋಗಿಯೊಬ್ಬರು. ಆದರೆ ಆ ಹುಚ್ಚಿಗೆ ಊರಿನ ಕ್ರಮವನ್ನು ಹಾಕಿಕೊಟ್ಟವರು ರಾಧಾಬಾಯಿ. ಹಿಡಿದ ಮೀನನ್ನು ಮನೆಗೆ ತರಬಾರದು, ನೀರಿನಿಂದ ಬಂದದ್ದು ನೀರಿನ ಮೇಲೆಯೇ ಬೇಯಬೇಕು, ಅದೂ ಮಣ್ಣಿನ ಗಡಿಗೆಯಲ್ಲಿ ಬೇಯಬೇಕು. ಈ ನಿಯಮಕ್ಕಾಗಿ ಅವರು ಪ್ರತಿ ಚಳಿಗಾಲವೂ ಅರ್ಧ ಅಡುಗೆಮನೆಯನ್ನು ಮಂಜುಗಡ್ಡೆಯ ಮೇಲೆ ಎಳೆಸುತ್ತಿದ್ದರಂತೆ.

ಸದರಿ ಗಡಿಗೆಯ ಕುರಿತು ಇಲ್ಲಿ ಎರಡು ಮಾತು ಅವಶ್ಯ. ಅದು ರಾಧಾಬಾಯಿಯವರು ಒಮ್ಮೆ ಊರಿನಿಂದ ಅಮೆರಿಕಕ್ಕೆ ಮರಳುವಾಗ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಹೊರಗೆ ಮಸಿ, ಒಳಗೆ ವರ್ಷಾನುವರ್ಷ ಸಾರು ಕುಡಿದು ಬಂದ ಎಣ್ಣೆಯ ಹೊಳಪು, ಉರುಟು ತಳ. ಡಿಸೆಂಬರಿನಲ್ಲಿ ಒಂದು ದಿನ ಅಂಕಲ್ ನಮ್ಮನ್ನು ಮನೆಗೆ ಕರೆದು, ಬೇಸಿಗೆಗೆ ಮುಂಚೆ ತಾವು ಮನೆ ಮಾರಿ ಅಟ್ಲಾಂಟಾದ ಮಗಳ ಮನೆಗೆ ಹೋಗಲಿರುವುದಾಗಿಯೂ ಈ ಚಳಿಗಾಲವೇ ಕೆರೆಯ ಕೊನೆಯ ಚಳಿಗಾಲವೆಂದೂ ತಿಳಿಸಿದರು. ಆಮೇಲೆ ಕಪಾಟಿನಿಂದ ಆ ಗಡಿಗೆಯನ್ನು ತೆಗೆದು ಮೇಜಿನ ಮೇಲಿಟ್ಟರು.

“ಮಗಳ ಮನೇಲಿ ಎಲೆಕ್ಟ್ರಿಕ್ ಸ್ಟೋವ್, ಇದು ಅಲ್ಲಿ ಕೂರಲ್ಲ” ಎಂದರು. “ಯಾರಿಗಾದ್ರೂ ಕೊಟ್ಟು ಹೋಗ್ಬೇಕು. ಶೋಕೇಸಲ್ಲಿ ಇಡೋರಿಗಲ್ಲ, ಅಡುಗೆ ಮಾಡೋರಿಗೆ.”

ಆ ಮಾತನ್ನು ನಾನು ನನಗೆ ಬಂದ ಆದೇಶವೆಂದೇ ತಿಳಿದೆ. ಆ ಕೋಣೆಯಲ್ಲಿ ಅಡುಗೆ ಮಾಡುವವಳು ನಾನೊಬ್ಬಳೇ ಇದ್ದೆ. ನನ್ನ ತಾಯಿಯ ಗಡಿಗೆಗಳು ಕುಮಟಾದಲ್ಲೇ ಉಳಿದಿದ್ದವು. ಪಾತ್ರೆಗಳೆಂದರೆ ನನ್ನ ಬಳಿ ಇದ್ದದ್ದು ಸ್ಟೀಲಿನವು, ತಳ ಸಪಾಟಾದವು, ಯಾರ ನೆನಪನ್ನೂ ಹಿಡಿದಿಟ್ಟುಕೊಳ್ಳದಂಥವು. ಆ ಗಡಿಗೆ ನನಗೆ ಬೇಕಾಗಿತ್ತು. ಬೇಕು ಎಂಬ ಶಬ್ದವನ್ನು ನಾನು ಆ ಮೊದಲು ಅಷ್ಟು ಸ್ಪಷ್ಟವಾಗಿ ಮನಸ್ಸಿನಲ್ಲಿ ಆಡಿಕೊಂಡಿದ್ದಿಲ್ಲ.

ಆ ಸಂಜೆಯೇ ನನ್ನ ಹಳೆಯ ಹಳದಿ ಅಂಚಿನ ಹತ್ತಿ ಸೀರೆಯನ್ನು ಹರಿದು, ಹೊಸೆದು, ಸುತ್ತಿ, ದಪ್ಪನೆಯ ಸಿಂಬೆಯೊಂದನ್ನು ಮಾಡಿದೆ. ಉರುಟು ತಳದ ಗಡಿಗೆ ಸಿಂಬೆಯಿಲ್ಲದೆ ನಿಲ್ಲುವುದಿಲ್ಲವಷ್ಟೆ. ಮಂಜುಗಡ್ಡೆಯ ಮೇಲಂತೂ ಸಿಂಬೆ ಇಲ್ಲದಿದ್ದರೆ ಕಾದ ಗಡಿಗೆಯ ಗತಿ ಏನೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮೊದಲ ಪ್ರವಾಸ ಜನವರಿಯಲ್ಲಿ. ಹಿಂದಿನ ದಿನವೇ ಲ್ಯಾಂಗ್ಲಿ ಪಾರ್ಕಿನ ಅಂಗಡಿಯಿಂದ ತಂದ ಕಾಯಿತುರಿಯನ್ನು ಮೆಣಸು, ಕೊತ್ತಂಬರಿ ಬೀಜದೊಂದಿಗೆ ರುಬ್ಬಿ, ಪ್ಲಾಸ್ಟಿಕ್ ಚೀಲದಲ್ಲಿ ರೊಟ್ಟಿಯಂತೆ ಚಪ್ಪಟೆ ಮಾಡಿ ಫ್ರೀಜರಿಗೆ ಹಾಕಿದ್ದೆ. ಕುಚ್ಚಲಕ್ಕಿಯ ಅನ್ನ ಮನೆಯಲ್ಲೇ ಮಾಡಿ, ಟವೆಲಿನಲ್ಲಿ ಸುತ್ತಿ, ಐಸ್‌ಬಾಕ್ಸಿನಲ್ಲಿಟ್ಟೆ. ತಂಪು ಕಾಯಲೆಂದು ಮಾಡಿದ ಪೆಟ್ಟಿಗೆ ಬಿಸಿಯನ್ನೂ ಕಾಯುತ್ತದೆಂದು ನನಗೆ ಹೇಳಿಕೊಟ್ಟವರು ಅಂಕಲ್. ಹಿತ್ತಾಳೆಯ ಪಂಪ್ ಸ್ಟೋವ್, ಅದರ ಬುಡಕ್ಕೆ ಪ್ಲೈವುಡ್ ಹಲಗೆ, ಗಾಳಿಗೆ ಅಡ್ಡ ಹಿಡಿಯಲು ಕಾರಿನ ಸನ್‌ಶೇಡ್, ಮುರುಗಲು ಹುಳಿ, ಉಪ್ಪು, ಜುಮ್ಮಿನಕಾಯಿ, ಚಿಪ್ಪಿನ ಸೌಟು, ಇವುಗಳ ನಡುವೆ ಕಂಬಳಿಯಲ್ಲಿ ಸುತ್ತಿದ ಗಡಿಗೆ. ದಡದಲ್ಲಿ ಕಾರು ನಿಲ್ಲಿಸಿ, ಎಲ್ಲವನ್ನೂ ಚಕ್ರವಿಲ್ಲದ ಸ್ಲೆಡ್ ಗಾಡಿಯ ಮೇಲೆ ಪೇರಿಸಿ, ಹಗ್ಗವನ್ನು ಯಜಮಾನರು ಸೊಂಟಕ್ಕೆ ಕಟ್ಟಿಕೊಂಡು ಎಳೆದರು. ನಾನು ಹಿಂದಿನಿಂದ ಗಡಿಗೆಯ ಮೇಲೆ ಕೈಯಿಟ್ಟುಕೊಂಡು, ತೊಟ್ಟಿಲ ಜೊತೆ ನಡೆಯುವವಳಂತೆ ನಡೆದೆ. ಕಾಲಡಿಯಲ್ಲಿ ಮಂಜುಗಡ್ಡೆ ಒಳಗೊಳಗೇ ನರಳುತ್ತಿತ್ತು. ಅಂಕಲ್ ಅದಕ್ಕೆ ಹೆದರಬಾರದೆಂದೂ, ಸದ್ದು ಮಾಡುವ ಮಂಜುಗಡ್ಡೆ ಬೆಳೆಯುತ್ತಿರುವ ಮಂಜುಗಡ್ಡೆಯೆಂದೂ ಹೇಳಿದರು.

ಆ ದಿನ ಹಳದಿ ಮೈಗೆ ಕಪ್ಪು ಪಟ್ಟೆಯ ಪರ್ಚ್ ಮೀನುಗಳು ಬೇಕಾದಷ್ಟು ಬಿದ್ದವು. ನನ್ನ ಸಾರು ಚೆನ್ನಾಗಿಯೇ ಆಗಿತ್ತು. ಅಂಕಲ್ ಎರಡನೆಯ ಸಲ ಹಾಕಿಸಿಕೊಂಡು, “ಶಾರದಾ ಅವರೇ, ಬಹಳ ಸೊಗಸಾಗಿದೆ, ಥ್ಯಾಂಕ್ಸ್” ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಗಡಿಗೆ ನನ್ನ ತೊಡೆಯ ಮೇಲಿತ್ತು. ನನಗೆ ಅಷ್ಟು ಸಾಕಾಗಿತ್ತು.

ಎರಡನೆಯ ಪ್ರವಾಸಕ್ಕೆ ಲೂಸಿ ಬಂದರು. ಹೊನ್ನಾವರದ ಕ್ರೈಸ್ತರ ಮನೆಯ ಹೆಣ್ಣುಮಗಳು, ಅಂಕಲ್ ಇದ್ದ ಆಸ್ಪತ್ರೆಯಲ್ಲೇ ನರ್ಸ್, ನನಗಿಂತ ಕೆಲವು ವರ್ಷ ಚಿಕ್ಕವರು. ಅವರ ಗಂಡನಿಗೆ ಶನಿವಾರವೂ ಡ್ಯೂಟಿ. ಒಬ್ಬಳೇ ಮನೆಯಲ್ಲಿ ಕೂತು ಏನು ಮಾಡುವುದೆಂದು ತಾನೇ ಫೋನ್ ಮಾಡಿ ಹೊರಟು ಬಂದಳೆಂದು ಅಂಕಲ್ ನಗುತ್ತ ಹೇಳಿದರು. ತಾನೇ ಹೊರಟು ಬರುವುದು ಎಂಬ ವಿದ್ಯೆ ನನಗೆ ಗೊತ್ತಿರಲಿಲ್ಲ. ನಾನು ಯಾವಾಗಲೂ ಕರೆ ಬಂದ ಮೇಲೆ ಹೋಗುವವಳು.

ಆ ದಿನ ಚಳಿ ಎಂದಿಗಿಂತ ಹೆಚ್ಚಿತ್ತು. ಮಸಾಲೆ ಕುದಿದು, ಮೀನು ಬಿದ್ದು, ಕೊನೆಗೆ ಹಸಿ ತೆಂಗಿನೆಣ್ಣೆ ಹಾಕಬೇಕೆಂದು ಬಾಟಲಿ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ಎಣ್ಣೆ ಮೇಣದಂತೆ ಗಟ್ಟಿಯಾಗಿ ಕುತ್ತಿಗೆಯಲ್ಲೇ ಸಿಕ್ಕಿಕೊಂಡಿತ್ತು. ಊರಿನಲ್ಲಿ ಡಿಸೆಂಬರಿನ ಬೆಳಗಿನ ಜಾವ ಎಣ್ಣೆ ಹರಳುಗಟ್ಟಿದ್ದನ್ನು ಕಂಡವಳು ನಾನು, ಆದರೂ ಹೊಳೆದಿರಲಿಲ್ಲ. ಬಾಟಲಿಯನ್ನು ಸ್ಟೋವಿನ ಹತ್ತಿರ ಹಿಡಿದೆ, ಅಂಗೈಯಲ್ಲಿ ಉಜ್ಜಿದೆ, ಚಮಚದ ಹಿಡಿಯಿಂದ ಕೆದಕಿದೆ. ಸಾರು ಆರುತ್ತಿತ್ತು. ಎಲ್ಲರೂ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದರು.

ಲೂಸಿ ಕೋಟಿನ ಜಿಪ್ ಎಳೆದು, ಒಳಗಿನಿಂದ ಒಂದು ಪುಟ್ಟ ಔಷಧಿ ಬಾಟಲಿ ತೆಗೆದರು. ಅದರಲ್ಲಿ ತೆಂಗಿನೆಣ್ಣೆ, ನೀರಿನಷ್ಟು ತಿಳಿ.

“ಸ್ವಲ್ಪ ಜರುಗಿ ಶಾರದಕ್ಕ. ಮಗೂನ ಹಾಗೆ ಎದೆಗೆ ಅವಚಿಕೊಂಡೇ ಬಂದಿದೀನಿ ಇದನ್ನ” ಎಂದು ಗಡಿಗೆಯ ಮೇಲೆ ಸುತ್ತ ಹನಿಸಿದರು. ಸೌಟನ್ನು ನನ್ನ ಕೈಯಿಂದ ಯಾವಾಗ ತೆಗೆದುಕೊಂಡರೋ ನನಗೆ ತಿಳಿಯಲಿಲ್ಲ. ಆ ಸೌಟು ಆಮೇಲೆ ನನ್ನ ಕೈಗೆ ಮರಳಿ ಬರಲಿಲ್ಲ.

ಮೂರನೆಯ ಪ್ರವಾಸದ ವೇಳೆಗೆ ಲೂಸಿ ಅಡುಗೆ ಮಾಡುವುದು, ನಾನು ಸಾಮಾನು ಹೊಂದಿಸಿಕೊಡುವುದು ಎಂಬ ವ್ಯವಸ್ಥೆ ಯಾರ ಆದೇಶವೂ ಇಲ್ಲದೆ ಜಾರಿಗೆ ಬಂದಿತ್ತು. ಮಸಾಲೆ ನಾನು ರುಬ್ಬಿದ್ದು, ಅನ್ನ ನಾನು ಬೇಯಿಸಿದ್ದು, ಸಿಂಬೆ ನಾನು ಹೊಸೆದದ್ದು. ಹೆಸರು ಮಾತ್ರ ಲೂಸಿಯ ಸಾರು. ಅವರು ಅಡುಗೆ ಮಾಡುವ ರೀತಿಯನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಅಳತೆಯಿಲ್ಲ, ಕ್ರಮವಿಲ್ಲ. ಹಾಡುತ್ತಾ, ಹರಟುತ್ತಾ, ನಡುವೆ ಎದ್ದು ಹೋಗಿ ಅಂಕಲ್‌ರ ಗಾಳ ಎಳೆದು ನೋಡಿ, ಮೀನಿಗೆ ಕೊಂಕಣಿಯಲ್ಲಿ ಬೈದು ಬರುತ್ತಿದ್ದರು. ಅಂಕಲ್ ಅವರಿಗೆ, “ಏ ಹುಚ್ಚಿ, ಉಪ್ಪು ಹಾಕಿದ್ಯಾ ಇಲ್ವಾ, ಎರಡು ಸಲ ಹಾಕ್ಬೇಡ ಮತ್ತೆ” ಎನ್ನುತ್ತಿದ್ದರು. ನನಗೆ ಮಾತ್ರ ಶಾರದಾ ಅವರೇ, ತಾವು ಕೂತ್ಕೊಳ್ಳಿ, ತಾವು ದಣಿದಿದ್ದೀರಿ. ಹುಚ್ಚಿ ಎಂದು ಯಾರಾದರೂ ನನ್ನನ್ನು ಕರೆದಿದ್ದರೆ ಆ ಚಳಿಗಾಲ ಬೇರೆಯಾಗಿರುತ್ತಿತ್ತು.

ಅದೇ ದಿನ ಒಂದು ದೊಡ್ಡ ವಾಲೈ ಮೀನು ಸಿಕ್ಕಿತು. ಅಂಕಲ್‌ರ ಮನೆಯ ಪದ್ಧತಿಯಲ್ಲಿ ದೊಡ್ಡ ಮೀನಿನ ತಲೆಯನ್ನು ಹಿರಿಯರು ತಮಗೆ ಬೇಕಾದವರ ತಟ್ಟೆಗೆ ತಾವೇ ಎತ್ತಿ ಹಾಕುತ್ತಾರೆ. ರಾಧಾಬಾಯಿ ಇದ್ದಷ್ಟು ಕಾಲ ಅದು ಅವರ ತಟ್ಟೆಗೇ ಬೀಳುತ್ತಿತ್ತಂತೆ. ಅಂಕಲ್ ಸೌಟಿನಲ್ಲಿ ತಲೆಯನ್ನು ಎತ್ತಿದರು. ನಾನು ತಟ್ಟೆಯನ್ನು ಸ್ವಲ್ಪ ಮುಂದೆ ಹಿಡಿದಿದ್ದೆ. ಹಿಡಿದಿದ್ದೇನೆಂದು ನನಗೆ ಗೊತ್ತಾದದ್ದು ಸೌಟು ಅದನ್ನು ದಾಟಿ ಆಚೆ ಹೋದ ಮೇಲೆ. ಲೂಸಿ ಆ ತಲೆಯನ್ನು ಚೀಪುತ್ತ, ಕಣ್ಣಿನ ಭಾಗ ಎಷ್ಟು ರುಚಿಯೆಂದು ವರ್ಣಿಸಿದರು. ನಮ್ಮ ಯಜಮಾನರು ಬೆರಳು ನೆಕ್ಕಿ, ಊರು ಬಿಟ್ಟ ಮೇಲೆ ಇಂಥ ಸಾರು ತಿಂದದ್ದು ಇದೇ ಮೊದಲೆಂದರು. ಊರು ಬಿಟ್ಟ ಮೇಲೆ ಅವರು ದಿನವೂ ತಿಂದದ್ದು ನನ್ನ ಕೈಯ ಅಡುಗೆಯನ್ನು ಎಂಬ ಸಂಗತಿಯನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಮರುವಾರ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋದಾಗಲೂ ನನಗೆ ಬಿಡುಗಡೆ ಇರಲಿಲ್ಲ. ಕೆಳಗಿನ ಊಟದ ಹಾಲಿನಲ್ಲಿ ಮೊಸರನ್ನ ತಿನ್ನುತ್ತ ಅಂಕಲ್ ಅತ್ತಿತ್ತ ನೋಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಚಿತ ಮಾಡಿಕೊಂಡು, ನಮ್ಮ ಯಜಮಾನರ ಕಿವಿಯಲ್ಲಿ ಲೂಸಿಯ ಮೀನಿನ ಸಾರಿನ ಮಾತು ಎತ್ತಿದರು. ದೇವರ ಎದುರಿಗೆ ಹೋಗಿ ನಿಂತಾಗ ನಾನು ಬೇಡಿಕೊಂಡದ್ದು ಆ ಗಡಿಗೆಯನ್ನು. ಬೇರೇನೂ ನೆನಪಿಗೆ ಬರಲಿಲ್ಲ. ಮನೆಗೆ ಬಂದು ಯಜಮಾನರೊಡನೆ ಪ್ರಸ್ತಾಪಿಸಿದೆ.

“ಗಡಿಗೆ ಯಾರಿಗೆ ಕೊಡ್ತಾರಂತೆ ಅಂಕಲ್ಲು?”

“ಯಾವ ಗಡಿಗೆ?” ಎಂದರು ಅವರು. ಮಾತು ಅಲ್ಲಿಗೇ ಮುಗಿಯಿತು.

ಕೊನೆಯ ಪ್ರವಾಸ ಫೆಬ್ರವರಿ ಮುಗಿಯುವ ಹೊತ್ತಿಗೆ. ದಡದ ಹತ್ತಿರ ಮಂಜುಗಡ್ಡೆ ಬೂದುಬಣ್ಣಕ್ಕೆ ತಿರುಗಿತ್ತು. ಅಂಕಲ್ ಕೋಲಿನಿಂದ ಕುಟ್ಟಿ ಕುಟ್ಟಿ ನೋಡಿ, ನಡುವಿನಲ್ಲಿ ಇನ್ನೂ ಗಟ್ಟಿಯಿದೆಯೆಂದು ಒಪ್ಪಿಗೆ ಕೊಟ್ಟ ಮೇಲೆಯೇ ಸ್ಲೆಡ್ ಎಳೆದೆವು. ಹಗಲಿನ ಬಿಸಿಲಿಗೆ ಮೇಲಿನ ಹಿಮ ಕರಗಿ ಸ್ಲೆಡ್ಡಿನೊಳಗೆ ನೀರು ಸೇರಿ, ಸಿಂಬೆ ತೊಯ್ದುಹೋಗಿತ್ತು. ಕೆರೆಯ ನಡುವಿನ ಗಾಳಿಗೆ ಅದು ಗಟ್ಟಿಕಟ್ಟಿ ಕಲ್ಲಿನ ಬಳೆಯಂತಾಯಿತು. ನಾನು ಅದನ್ನು ಲೂಸಿಯ ಕೈಗೆ ಕೊಟ್ಟು, ಸ್ಟೋವಿನ ಬದಿಗೆ ಇಟ್ಟು ಮೆತ್ತಗಾದ ಮೇಲೆ ಬಳಸಬೇಕೆಂದು ಹೇಳಿದೆ. ಅವರು ಹೂಂಗುಟ್ಟಿದರು. ಅಷ್ಟರಲ್ಲಿ ಅಂಕಲ್ ನನ್ನನ್ನು ಕರೆದು, ಕೊನೆಯ ದಿನವಾದರೂ ನಾನು ಒಂದು ಮೀನು ಹಿಡಿಯಬೇಕೆಂದು ಗಾಳವನ್ನು ಕೈಗಿತ್ತು ದೂರದ ತೂತಿನ ಬಳಿ ಬಕೆಟ್ ಬೋರಲು ಹಾಕಿ ಕೂರಿಸಿದರು. ಅದನ್ನು ಅವರು ಪ್ರೀತಿಯಿಂದಲೇ ಮಾಡಿದರು. ಗಡಿಗೆಯಿಂದ ನನ್ನನ್ನು ಅಷ್ಟು ದೂರ ಕೂರಿಸುತ್ತಿದ್ದೇವೆಂಬುದು ಅವರ ಗಮನಕ್ಕೆ ಬರಲಿಲ್ಲ.

ಗಾಳ ನೀರಿನಲ್ಲಿತ್ತು, ಕಣ್ಣು ಸ್ಟೋವಿನ ಮೇಲಿತ್ತು. ಸಾರು ಉಕ್ಕಿ ಬಂತು. ಲೂಸಿ ಎರಡು ಬಟ್ಟೆ ಹಿಡಿದು ಗಡಿಗೆಯನ್ನು ಇಳಿಸಿದರು. ಊರಿನಲ್ಲಿ ಒಲೆಯಿಂದ ಇಳಿಸಿದ ಗಡಿಗೆಯನ್ನು ಪಕ್ಕದ ಬೂದಿಯನ್ನು ಕಾಲಿನಿಂದ ಸರಿಸಿ ಮಣ್ಣಿನ ನೆಲಕ್ಕೆ ಒತ್ತಿ ಕೂರಿಸುವ ಅಭ್ಯಾಸ ನಮಗೆಲ್ಲ ಇದೆ. ಅವರ ಕೈಗೆ ಆ ನೆಲ ನೆನಪಿತ್ತು, ಈ ನೆಲ ನೆನಪಿಗೆ ಬರಲಿಲ್ಲ. ಬೂಟಿನಿಂದ ಹಿಮವನ್ನು ಸರಿಸಿ, ಮೆಲ್ಲನೆ ಗಡಿಗೆಯನ್ನು ಬರಿಯ ಮಂಜುಗಡ್ಡೆಗೆ ಒತ್ತಿ ಇಟ್ಟರು. ಸಿಂಬೆ ಅವರ ಕೈಯಳತೆಯಲ್ಲಿ, ಸ್ಟೋವಿಗೆ ಒರಗಿ, ಆಗಷ್ಟೇ ಮೆತ್ತಗಾಗುತ್ತಿತ್ತು.

ದೊಡ್ಡ ಸದ್ದೇನೂ ಆಗಲಿಲ್ಲ. ಅಡಿಕೆ ಒಡೆದಷ್ಟು ಸದ್ದು. ಕಂಠದಿಂದ ಹೊಟ್ಟೆಯವರೆಗೆ ಬಿರುಕು ಬಿಟ್ಟು, ಕೆಂಪು ಸಾರು ಹಿಮದ ಮೇಲೆ ಹರಡಿತು. ಆ ಕ್ಷಣದಲ್ಲಿ ನನ್ನೊಳಗೆ ಸಣ್ಣದೊಂದು ಸಂತೋಷವೂ ಏಳಲಿಲ್ಲವೆಂದು ಬರೆದರೆ ಅದು ಸುಳ್ಳು ವರದಿಯಾಗುತ್ತದೆ. ಗಡಿಗೆಯನ್ನು ಕಾಯಬಲ್ಲವರು ಯಾರೆಂದು ಇನ್ನು ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡೆ. ಗಾಳವನ್ನು ಬಿಸಾಡಿ ಓಡಿಬಂದು, ನಾನು ಪ್ರತಿ ಸಲವೂ ಮುನ್ನೆಚ್ಚರಿಕೆಗೆಂದು ತರುತ್ತಿದ್ದ, ಯಾರೂ ಒಮ್ಮೆಯೂ ತೆರೆಯದಿದ್ದ ಸ್ಟೀಲ್ ಪಾತ್ರೆಯನ್ನು ಒಡ್ಡಿ, ಉಳಿದ ಸಾರನ್ನೂ ಮೀನನ್ನೂ ಹಿಡಿದುಕೊಂಡೆ. ಅರ್ಧಕ್ಕಿಂತ ಹೆಚ್ಚು ಉಳಿಯಿತು.

ಲೂಸಿ ಹಿಮದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತರು. ನಾನು ಅಂಕಲ್‌ರ ಮುಖವನ್ನೇ ನೋಡುತ್ತಿದ್ದೆ. ಅವರು ಬಹಳ ಹೊತ್ತು ಬಿರುಕನ್ನು ಬೆರಳಿನಿಂದ ಸವರಿ, ಕೊನೆಗೆ ಲೂಸಿಯ ಎದುರು ಮಂಡಿಯೂರಿ ಕೂತರು.

“ಅಳಬೇಡ ಮಾರಾಯ್ತಿ. ರಾಧಾ ಇಂಥವು ಮೂರು ಒಡೆದಿದ್ಳು, ನಾಲ್ಕನೇದು ಇದು. ಇಡೀ ವರ್ಷ ಇದನ್ನ ಕಾಯ್ದು ಕಾಯ್ದು ನಂಗೂ ಸಾಕಾಗಿತ್ತು” ಎಂದರು. “ನೀನೇ ತಗೊಂಡು ಹೋಗು. ಒಡೆದವಳೇ ಇಟ್ಕೋಬೇಕು.”

ಆಮೇಲೆ ನನ್ನ ಕಡೆಗೆ ತಿರುಗಿ, “ಶಾರದಾ ಅವರೇ, ತಾವಿಲ್ಲದಿದ್ರೆ ಇವತ್ತು ನಾವೆಲ್ಲ ಉಪವಾಸ. ಮೆನಿ ಥ್ಯಾಂಕ್ಸ್” ಎಂದರು.

ಕಚೇರಿಯಲ್ಲಿ ಇಂಥದ್ದಕ್ಕೆ ಸ್ವೀಕೃತಿ ಪತ್ರ ಎನ್ನುತ್ತಿದ್ದೆವು. ಅರ್ಜಿ ತಲುಪಿದೆ ಎಂದು ಅದರ ಅರ್ಥ, ಮಂಜೂರಾಗಿದೆ ಎಂದಲ್ಲ. ನಾನು ಎಲ್ಲರಿಗೂ ಬಡಿಸಿದೆ. ವಾಪಸು ಬರುವಾಗ ಗಡಿಗೆ ಲೂಸಿಯ ತೊಡೆಯ ಮೇಲಿತ್ತು. ಸಾಮಾನು ಬಿಚ್ಚುವಾಗ ಸಿಂಬೆ ಕಾಣಲಿಲ್ಲ. ಅದು ಕೆರೆಯ ಮೇಲೆಯೇ ಉಳಿದು, ಮಾರ್ಚಿನಲ್ಲಿ ಮಂಜುಗಡ್ಡೆಯ ಜೊತೆ ಮುಳುಗಿತೆಂದು ತಿಳಿದುಕೊಂಡೆ. ಅಂಕಲ್ ಅಟ್ಲಾಂಟಾಕ್ಕೆ ಹೋದರು, ಕೆಲವು ವರ್ಷಗಳ ಮೇಲೆ ಅಲ್ಲಿಯೇ ತೀರಿಹೋದರು. ಲೂಸಿ ದಕ್ಷಿಣಕ್ಕೆ ಹೋದರು. ನಾವು ಮತ್ತೆಂದೂ ಮಂಜುಗಡ್ಡೆಗೆ ಕಾಲಿಡಲಿಲ್ಲ.

ಈಗ ಈ ಬೇಸಿಗೆಯ ಊಟದ ವಿಷಯ. ಮಾರಿಸ್‌ವಿಲ್‌ನ ಆ ಮನೆಯಲ್ಲಿ ಲೂಸಿ ಸಾರು ಬಡಿಸಿದರು. ರುಚಿಯಾಗಿತ್ತು, ಅದೇ ನನ್ನ ಕಷ್ಟ. ಊಟವಾದ ಮೇಲೆ ಹಿಂದಿನ ಡೆಕ್ಕಿಗೆ ಕರೆದೊಯ್ದರು. ಮೂಲೆಯಲ್ಲಿ ಆ ಗಡಿಗೆ. ಬಿರುಕಿಗೆ ತಂತಿ ಬಿಗಿದು, ಮಣ್ಣು ತುಂಬಿ, ಕರಿಬೇವಿನ ಗಿಡ ನೆಟ್ಟಿದ್ದರು. ಅಡುಗೆ ಮಾಡುವವರಿಗೆ ಕೊಡಬೇಕೆಂದಿದ್ದ ಗಡಿಗೆ ಹೂಕುಂಡವಾಗಿತ್ತು. ನನ್ನ ಕೈಯಲ್ಲಿದ್ದಿದ್ದರೆ ಅದು ಒಡೆಯುತ್ತಲೇ ಇರಲಿಲ್ಲವೆಂದು ಹೇಳಲು ಬಾಯಿ ತೆರೆದಾಗ ಗಡಿಗೆಯ ಬುಡ ಕಣ್ಣಿಗೆ ಬಿತ್ತು. ಮಾಸಿಹೋದ, ಅಲ್ಲಲ್ಲಿ ನಾರಾಗಿ ಹೋದ, ಆದರೂ ಹಳದಿಯೆಂದು ಗುರುತು ಹಿಡಿಯಬಹುದಾದ ಅಂಚು. ನನ್ನ ಸಿಂಬೆ.

“ನಿಮ್ದೇ ಅಕ್ಕ ಅದು” ಎಂದರು ಲೂಸಿ. “ಅವತ್ತು ಗಡಿಗೆ ಜೊತೆ ಕಂಬಳಿ ಒಳಗೆ ಬಂದ್ಬಿಟ್ಟಿತ್ತು. ಕೊಡ್ಬೇಕು ಅಂತಾನೇ ಇದ್ದೆ. ಮಳೆ ಬಂತು ಅಂದ್ರೆ ಗಡಿಗೆ ಸಮೇತ ಒಳಗೆ ತಂದಿಡ್ತೀನಿ. ಬೇಕಾದ್ರೆ ಈಗ್ಲೇ ತಗೊಂಡು ಹೋಗಿ, ಆದ್ರೆ ಇದಿಲ್ದೆ ಗಡಿಗೆ ನಿಲ್ಲೋದೇ ಇಲ್ಲ, ಎಷ್ಟು ಸಲ ಟ್ರೈ ಮಾಡಿದೀನಿ.”

ನಾನು ಬಗ್ಗಿ, ಒಂದು ಕೈಯಿಂದ ಗಡಿಗೆಯನ್ನು ಸ್ವಲ್ಪ ಎತ್ತಿ ನೋಡಿದೆ. ಸಿಂಬೆಯ ನಡುವೆ ಗಡಿಗೆಯ ತಳ ಕೂತು ಕೂತು ತನ್ನ ಆಕಾರದ ಗುಂಡಿಯನ್ನು ಮಾಡಿಕೊಂಡಿತ್ತು. ಯಜಮಾನರು ಒಳಗಿನಿಂದ, ಟ್ರಾಫಿಕ್ ಶುರುವಾಗುತ್ತದೆ, ಹೊರಡೋಣವೆಂದು ಕೂಗಿದರು. ಗಡಿಗೆಯನ್ನು ಮೊದಲಿನಂತೆ ಇಳಿಸಿ, ಅಲುಗದಂತೆ ಕೂರಿಸಿದೆ. ಇದು ಔದಾರ್ಯವೆಂದು ಯಾರೂ ಭಾವಿಸಬಾರದು. ಅದನ್ನು ಎತ್ತಿಕೊಂಡು ಬಂದಿದ್ದರೆ ನನ್ನ ಬಳಿ ಒಂದು ಹಳೆಯ ಬಟ್ಟೆಯ ಸುರುಳಿ ಇರುತ್ತಿತ್ತು. ಅಲ್ಲಿಯೇ ಬಿಟ್ಟುಬಂದದ್ದರಿಂದ, ಲೂಸಿಯ ಗಡಿಗೆ ನಿಂತಿರುವಷ್ಟು ದಿನವೂ ನನ್ನ ಸೀರೆಯ ಮೇಲೆ ನಿಂತಿರುತ್ತದೆ.

ಈ ಬರಹದಲ್ಲಿ ಒತ್ತು, ದೀರ್ಘ, ವಿಭಕ್ತಿಗಳ ತಪ್ಪುಗಳು ಕಂಡುಬಂದಲ್ಲಿ ಓದುಗರು ದಯಮಾಡಿ ತಾವೇ ತಿದ್ದಿಕೊಳ್ಳಬೇಕು, ಸಾಧ್ಯವಾದರೆ ನನಗೂ ತಿಳಿಸಬೇಕು, ಕಲಿಯುವ ಆಸೆಯಿದೆ. ಚಳಿ, ಮೀನು, ದಾರಿಗಳ ವಿಷಯದಲ್ಲಿ ನೆನಪು ತಪ್ಪಿದ್ದರೆ ಅದನ್ನೂ ತಿದ್ದಬಹುದು. ಸಿಂಬೆ ಯಾರದು ಎಂದು ಬರೆದಿರುವ ಸಾಲನ್ನು ಮಾತ್ರ, ಅಕ್ಷರ ಎಷ್ಟೇ ಸೊಟ್ಟಗಿದ್ದರೂ, ಇದ್ದ ಹಾಗೆಯೇ ಬಿಡಬೇಕಾಗಿ ಕೋರಿಕೆ.

ಇಂತಿ ತಮ್ಮ ವಿಶ್ವಾಸಿ,
ಶಾರದಾ